ಕಾರ್ಖಾನೆ ವಿನ್ಯಾಸ

ಯಂತ್ರ, ಕಚ್ಚಾಸಾಮಗ್ರಿ, ಗೋದಾಮು, ಕೆಲಸಗಾರರ ಓಡಾಟ ಇವಕ್ಕೆಲ್ಲ ಆವರಣದೊಳಗೆ ಜಾಗ ಗೊತ್ತುಮಾಡುವ ಯೋಜನೆಯೇ ಕಾರ್ಖಾನೆ ವಿನ್ಯಾಸ. ಸಾಮಾನನ್ನು ಅಲ್ಲಿಂದಿಲ್ಲಿಗೆ ಹೊತ್ತರೆ ಅದರ ಬೆಲೆ ಏರುವುದಿಲ್ಲ, ಕೂಲಿಯಷ್ಟೇ ಏರುತ್ತದೆ; ಆದ್ದರಿಂದ ಸಾಗಾಟ ಕಡಿಮೆ ಮಾಡುವುದು ಇದರ ಮೊದಲ ಗುರಿ. ಮುಖ್ಯ ಮೂರು ಬಗೆಗಳಿಗೂ ಬೀದರ್ ಜಿಲ್ಲೆಯ ಬಸವಕಲ್ಯಾಣ, ಹುಮನಾಬಾದ್ ತಾಲ್ಲೂಕುಗಳಲ್ಲಿ ಉದಾಹರಣೆಗಳಿವೆ.

ಹುಮನಾಬಾದ್ ತಾಲ್ಲೂಕಿನ ಹಳ್ಳಿಖೇಡ (ಬಿ)ಯ ಸಹಕಾರಿ ಸಕ್ಕರೆ ಕಾರ್ಖಾನೆ ಸಾಲು ವಿನ್ಯಾಸದ್ದು. ಕಡಿದ ಕಬ್ಬು ತಡವಾದಷ್ಟೂ ಸಕ್ಕರೆ ಕಳೆದುಕೊಳ್ಳುವುದರಿಂದ ತೂಕದ ಸೇತುವೆ, ಕಬ್ಬಿನ ಅಂಗಳ, ಗಾಣಗಳು ಒಂದರ ಬೆನ್ನಿಗೊಂದು ಬರಬೇಕು. ರಸ ಹಿಂಡಿದ ಸಿಪ್ಪೆಯೇ ಬಾಯ್ಲರಿಗೆ ಉರುವಲು; ಹಾಗಾಗಿ ಬಾಯ್ಲರ್ ಗಾಣಗಳಿಗೆ ಹತ್ತಿರವಿರುತ್ತದೆ. ಇಂಥ ಕಾರ್ಖಾನೆಗಳಲ್ಲಿ ಎತ್ತರವೂ ವಿನ್ಯಾಸದ ಭಾಗ. ಪಾಕ ಹರಳುಗಟ್ಟುವ ಪ್ಯಾನುಗಳನ್ನು ಮೇಲಿನ ಅಂತಸ್ತಿನಲ್ಲಿ ಕೂರಿಸಿದರೆ ಗಟ್ಟಿ ಪಾಕ ತನ್ನ ಭಾರಕ್ಕೇ ಕೆಳಗಿಳಿದು ಸಕ್ಕರೆ ಬೇರ್ಪಡಿಸುವ ಯಂತ್ರಗಳನ್ನು ಸೇರುತ್ತದೆ. ಅಂಟುವ ಪಾಕವನ್ನು ಪಂಪಿನಿಂದ ತಳ್ಳುವ ಕಷ್ಟ ತಪ್ಪುತ್ತದೆ.

ಪುಣೆ–ಹೈದರಾಬಾದ್ ಹೆದ್ದಾರಿಯ ಲಾರಿಗಳನ್ನು ನಂಬಿ ಬೆಳೆದ ಬಸವಕಲ್ಯಾಣದ ಆಟೋ ನಗರದಲ್ಲಿ ಲೆಕ್ಕ ತಿರುವುಮುರುವು. ಇಲ್ಲಿ ಲಾರಿ ನಿಂತಲ್ಲೇ ನಿಲ್ಲುತ್ತದೆ. ವೆಲ್ಡರ್, ಬಡಗಿ, ಪೇಂಟರ್ ಸರದಿಯಂತೆ ಅದರ ಬಳಿಗೆ ಬರುತ್ತಾರೆ. ಇದು ಸ್ಥಿರ ವಿನ್ಯಾಸ. 12 ಮೀಟರ್ ಉದ್ದದ ಲಾರಿ ಹಿಂದಕ್ಕೆ ಬಂದು ತಿರುಗುವಷ್ಟು ಅಂಗಳ ಬೇಕೇ ಬೇಕು. ಶೆಡ್ಡಿಗಿಂತ ಬಯಲಿಗೇ ಹೆಚ್ಚು ಬೆಲೆ. ಬಣ್ಣ ಬಳಿಯುವ ಜಾಗವನ್ನು ವೆಲ್ಡಿಂಗ್ ಕಿಡಿಯಿಂದ, ಗ್ರೈಂಡಿಂಗ್ ದೂಳಿನಿಂದ ದೂರವಿಡದಿದ್ದರೆ ಬೆಂಕಿಯ ಭಯ, ಬಣ್ಣವೂ ಹಾಳು.

ಹುಮನಾಬಾದ್ ಕೈಗಾರಿಕಾ ಪ್ರದೇಶದ ಔಷಧ, ರಾಸಾಯನಿಕ ಘಟಕಗಳದ್ದು ಮೂರನೆಯ ಬಗೆ, ಪ್ರಕ್ರಿಯಾ ವಿನ್ಯಾಸ. ಒಂದೇ ರಿಯಾಕ್ಟರಿನಲ್ಲಿ ಇಂದೊಂದು, ನಾಳೆಯೊಂದು ವಸ್ತು ತಯಾರಾಗಬಹುದಾದ್ದರಿಂದ ಒಂದೇ ತೆರನ ಯಂತ್ರಗಳನ್ನು ಒಂದೆಡೆ ಸೇರಿಸುತ್ತಾರೆ. ಇಲ್ಲಿ ಸಾಗಾಟದ ಖರ್ಚಿಗಿಂತ ಸುರಕ್ಷತೆಯ ಮಾತೇ ದೊಡ್ಡದು: ದ್ರಾವಕದ ಟ್ಯಾಂಕುಗಳು ಬಾಯ್ಲರಿನಿಂದ ದೂರ, ಕಚ್ಚಾಸಾಮಗ್ರಿಯ ದಾರಿ ಸಿದ್ಧ ಔಷಧದ ದಾರಿಯನ್ನು ಹಾಯಬಾರದು, ತ್ಯಾಜ್ಯನೀರಿನ ಘಟಕ ಇಳಿಜಾರಿನ ಕಡೆ.

ಯಾವ ವಿಭಾಗ ಯಾವುದರ ಪಕ್ಕದಲ್ಲಿರಬೇಕು ಎಂಬ ನಂಟನ್ನು ಮೊದಲು ಪಟ್ಟಿಮಾಡಿ, ಆಮೇಲೆ ಅಳತೆಗೆ ಇಳಿಯುವ ಕ್ರಮವನ್ನು ಅಮೆರಿಕದ ರಿಚರ್ಡ್ ಮೂಥರ್ 1961ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಅಳತೆಗೆ ಕಾನೂನಿನ ಮಿತಿಯೂ ಉಂಟು. 1948ರ ಕಾರ್ಖಾನೆ ಕಾಯ್ದೆ ಹೊಸ ಕಾರ್ಖಾನೆಗಳಲ್ಲಿ ಕೆಲಸಗಾರರಿಗೆ ತಲಾ 14.2 ಘನ ಮೀಟರ್ ಜಾಗ ವಿಧಿಸಿತು, 4.2 ಮೀಟರಿಗಿಂತ ಮೇಲಿನ ಎತ್ತರವನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.

ತಪ್ಪು ತಿದ್ದುವ ಅವಕಾಶ ಎಲ್ಲೆಡೆ ಒಂದೇ ಅಲ್ಲ. ಆಟೋ ನಗರದ ವೆಲ್ಡಿಂಗ್ ಯಂತ್ರವನ್ನು ಸಂಜೆಯೊಳಗೆ ಬೇರೆ ಮೂಲೆಗೆ ಎಳೆದಿಡಬಹುದು. ಕಾಂಕ್ರೀಟ್ ಅಡಿಪಾಯದ ಮೇಲೆ ಕೂತ ಗಾಣವನ್ನು ಹಾಗೆ ಸರಿಸಲಾಗದು. ಮುಂದೆ ಸೇರಿಸುವ ಗಾಣಕ್ಕೆ ಸಾಲಿನಲ್ಲಿ ಜಾಗವನ್ನು ಮೊದಲ ನಕ್ಷೆಯಲ್ಲೇ ಬಿಡಬೇಕು.