ರಜೆ: ಹಕ್ಕೋ, ಅನುಗ್ರಹವೋ?

ಶಿಕ್ಷಕ ಮಿತ್ರರೇ, "ನನ್ನ ರಜೆ, ನಾನು ಹಾಕುತ್ತೇನೆ" ಎಂದು ಸ್ಟಾಫ್ ರೂಮಿನಲ್ಲಿ ಹೇಳುವವರುಂಟು. ನಿಯಮ ಹಾಗೆ ಹೇಳುವುದಿಲ್ಲ.

1922ರ ಜನವರಿ 1ರಂದು ಬ್ರಿಟಿಷ್ ಸರ್ಕಾರ ಜಾರಿಗೆ ತಂದ ಫಂಡಮೆಂಟಲ್ ರೂಲ್ಸ್‌ನ 67ನೇ ನಿಯಮದ ಸಾರ ಇಷ್ಟು: ರಜೆಯನ್ನು ಹಕ್ಕೆಂದು ಕೇಳುವಂತಿಲ್ಲ, ಸೇವೆಯ ಅಗತ್ಯ ಬಿದ್ದರೆ ಅಧಿಕಾರಿ ಅದನ್ನು ನಿರಾಕರಿಸಬಹುದು, ಕೊಟ್ಟದ್ದನ್ನು ರದ್ದುಪಡಿಸಲೂಬಹುದು. ಹೊಸೂರು, ತಾಳವಾಡಿಯ ನಮಗೆ ತಮಿಳುನಾಡಿನಲ್ಲಿ ಇಂದಿಗೂ ಅದೇ ಹೆಸರಿನ ನಿಯಮಾವಳಿ. 1956ರಲ್ಲಿ ಕೇರಳಕ್ಕೆ ಸೇರಿದ ಕಾಸರಗೋಡಿನವರಿಗೆ 1959ರ ನವೆಂಬರ್ 1ರಿಂದ ಕೇರಳ ಸರ್ವಿಸ್ ರೂಲ್ಸ್. ಅಲ್ಲಿಯೂ ಅದೇ ಮಾತು. ಕನ್ನಡ ಬಲ್ಲ ಬದಲಿ ಶಿಕ್ಷಕರು ಸಿಗದ ಶಾಲೆಯಲ್ಲಿ ಈ "ಸೇವೆಯ ಅಗತ್ಯ" ಎಷ್ಟು ಭಾರವೆಂದು ಬಿಡಿಸಿ ಹೇಳಬೇಕಿಲ್ಲ.

ಆದರೆ ಅಧಿಕಾರಕ್ಕೂ ಮಿತಿಯಿದೆ. ಧರ್ಮಪುರಿ ಜಿಲ್ಲೆಯ ಸರ್ಕಾರಿ ಶಾಲಾ ಶಿಕ್ಷಕಿಯೊಬ್ಬರಿಗೆ ಮೊದಲ ಮದುವೆಯಿಂದ ಇಬ್ಬರು ಮಕ್ಕಳಿದ್ದರು. ಮರುಮದುವೆಯ ನಂತರದ ಹೆರಿಗೆಗೆ ರಜೆ ಕೇಳಿದಾಗ, ಎರಡು ಮಕ್ಕಳ ಮಿತಿ ತೋರಿಸಿ ನಿರಾಕರಿಸಲಾಯಿತು. 2025ರ ಮೇ 23ರಂದು ಸುಪ್ರೀಂ ಕೋರ್ಟ್ ಆಕೆಗೆ ರಜೆ ಕೊಡಿಸಿತು. ಹೆರಿಗೆ ರಜೆ ಮಹಿಳೆಯ ಸಂತಾನದ ಹಕ್ಕಿನ ಭಾಗವೆಂದಿತು.

ಆದ್ದರಿಂದ ಅರ್ಜಿ ಬರಹದಲ್ಲಿರಲಿ, ನಿರಾಕರಿಸಿದರೆ ಕಾರಣವನ್ನೂ ಬರಹದಲ್ಲೇ ಕೇಳಿ. ವಿವೇಚನೆ ಎಂದರೆ ಮನಬಂದಂತೆ ನಡೆಯುವುದಲ್ಲ.