ಕಡತದಿಂದ ಎಸ್‌ಎಸ್‌ಡಿಗೆ

ಸರ್ಕಾರಿ ಕಚೇರಿಗಳಲ್ಲಿ ‘ಕಡತ’ ಎಂದರೆ ಇಂದು ಟ್ಯಾಗು ಕಟ್ಟಿದ ಕಾಗದಗಳ ಕಟ್ಟು. ಆದರೆ ಹಿಂದೆ ಕಡತವೆಂಬುದು ಬಟ್ಟೆಯ ಪುಸ್ತಕವಾಗಿತ್ತು. ಉದ್ದನೆಯ ಹತ್ತಿಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಿಲಪುಡಿಯನ್ನೂ ಲೇಪಿಸಿ, ಒಣಗಿಸಿ, ಮಡಿಕೆಗಳಾಗಿ ಮಡಿಸಿ, ಬಳಪದಿಂದ ಬರೆಯುತ್ತಿದ್ದರು. ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಹೊರಬಂದ ತನ್ನ ಇತಿಹಾಸಗ್ರಂಥದಲ್ಲಿ ಇದನ್ನು ವರ್ಣಿಸಿದ್ದಾನೆ. ಸ್ಲೇಟಿನಂತೆ ಇದನ್ನು ಒರೆಸಿ ಮತ್ತೆ ಬರೆಯಬಹುದಾಗಿತ್ತು. ಶೃಂಗೇರಿ ಮಠದ ಕಡತಗಳು ಇಂದಿಗೂ ಇತಿಹಾಸಕಾರರಿಗೆ ಆಕರಗಳಾಗಿವೆ.

ಈ ಹಳೆಯ ಸಂಗತಿಯನ್ನು ನೆನೆಯಲು ಕಾರಣವಿದೆ. ನನ್ನ ವಿದ್ಯಾರ್ಥಿಗಳಾಗಿದ್ದ ಹಲವರು ಇಂದು ಕಚೇರಿಗಳಲ್ಲಿ, ಸಹಕಾರ ಸಂಘಗಳಲ್ಲಿ, ಶಾಲೆಗಳಲ್ಲಿ ಕೆಲಸ ಮಾಡುತ್ತಿದ್ದಾರೆ. ಅಲ್ಲಿನ ಹಳೆಯ ಕಂಪ್ಯೂಟರುಗಳಿಂದ ಹಾರ್ಡ್ ಡಿಸ್ಕನ್ನು ತೆಗೆದು ಎಸ್‌ಎಸ್‌ಡಿ ಹಾಕಿಸುವುದು ಈಗ ಸಾಮಾನ್ಯ ಸಂಗತಿ. ಅದು ಬಿಡಿಭಾಗವೊಂದನ್ನು ಬದಲಿಸುವ ಕೆಲಸವೆಂದು ತೋರಿದರೂ, ನಿಜದಲ್ಲಿ ಕಚೇರಿಯ ನೆನಪನ್ನು ಒಂದು ಆಶ್ರಯದಿಂದ ಮತ್ತೊಂದಕ್ಕೆ ಸಾಗಿಸುವ ಕೆಲಸ.

ಹಾರ್ಡ್ ಡಿಸ್ಕಿನ ಚರಿತ್ರೆಯಲ್ಲಿ ಒಬ್ಬ ಮೇಷ್ಟರೂ ಇದ್ದಾರೆಂಬುದು ನಮ್ಮ ವೃತ್ತಿಯವರಿಗೆ ಸಂತೋಷ ಕೊಡುವ ವಿಷಯ. ಅಮೆರಿಕದ ಹೈಸ್ಕೂಲೊಂದರಲ್ಲಿ ಪಾಠ ಹೇಳುತ್ತಿದ್ದ ರೆನಾಲ್ಡ್ ಜಾನ್ಸನ್, ಉತ್ತರಪತ್ರಿಕೆಗಳಿಗೆ ಅಂಕ ಹಾಕುವ ಯಂತ್ರವನ್ನು ಕಂಡುಹಿಡಿದು ಐಬಿಎಂ ಸಂಸ್ಥೆಯನ್ನು ಸೇರಿದರು. ಅವರ ನೇತೃತ್ವದಲ್ಲಿ ಸಿದ್ಧವಾದ ಮೊದಲ ಹಾರ್ಡ್ ಡಿಸ್ಕ್ 1956ರಲ್ಲಿ ಬಂದಿತು. ಎರಡಡಿ ಅಗಲದ 50 ತಟ್ಟೆಗಳಿದ್ದ, ಬೀರುವಿನಷ್ಟು ದೊಡ್ಡದಾದ ಆ ಯಂತ್ರದಲ್ಲಿ ಹಿಡಿಯುತ್ತಿದ್ದುದು ಕೇವಲ 50 ಲಕ್ಷ ಅಕ್ಷರಗಳು.

ನಮ್ಮ ರಾಜ್ಯದ ರೈತನ ಬದುಕು ಹಾರ್ಡ್ ಡಿಸ್ಕನ್ನು ಏರಿದುದು 2000ದ ಆಸುಪಾಸಿನಲ್ಲಿ, ‘ಭೂಮಿ’ ಯೋಜನೆಯಿಂದ. ಅದುವರೆಗೆ ಪಹಣಿ ಗ್ರಾಮಲೆಕ್ಕಿಗರ ಕೈಬರಹದಲ್ಲಿತ್ತು. ಅದನ್ನು ಪಡೆಯಲು ರೈತ ಅವರನ್ನು ಹುಡುಕಿಕೊಂಡು ಅಲೆಯಬೇಕಾಗಿತ್ತು. ಸುಮಾರು 67 ಲಕ್ಷ ಭೂಮಾಲೀಕರ 2 ಕೋಟಿ ದಾಖಲೆಗಳು ಗಣಕಕ್ಕೆ ಸೇರಿದವು. ತಾಲ್ಲೂಕು ಕಚೇರಿಯ ಕಿಂಡಿಯಲ್ಲಿ 15 ರೂಪಾಯಿಗೆ ಪಹಣಿ ದೊರೆಯತೊಡಗಿತು. ಆದರೆ ಕೈಬರಹದಲ್ಲಿದ್ದ ತಪ್ಪು ಹಾಗೆಯೇ ಒಳಗೆ ಹೋದರೆ, ಅದು ಅಚ್ಚಾಗಿ ಹೊರಬಂದಾಗ ಇನ್ನಷ್ಟು ಸತ್ಯವಾಗಿ ಕಾಣುತ್ತದೆ. ಆದ್ದರಿಂದ ಟೈಪು ಮಾಡಿದ್ದಕ್ಕಿಂತ, ಹಳೆಯ ಪುಸ್ತಕದೊಡನೆ ತಾಳೆ ನೋಡಿದ್ದೇ ಅಲ್ಲಿ ಹೆಚ್ಚು ಮುಖ್ಯವಾದ ಕೆಲಸವಾಗಿತ್ತು.

ಇದಕ್ಕೂ ಮೊದಲೇ ನಮ್ಮ ಕೊಪ್ಪದ ನೆರೆಯಲ್ಲೇ ಇಂಥ ಸಾಗಣೆಯೊಂದು ಆರಂಭವಾಗಿತ್ತು. ಬೈಲಕುಪ್ಪೆಯ ಸೆರಾ ವಿಹಾರದಲ್ಲಿ 1980ರ ದಶಕದ ಕೊನೆಯಿಂದ ಟಿಬೆಟನ್ ಭಿಕ್ಷುಗಳು ಮರದಚ್ಚಿನ ಗ್ರಂಥಗಳನ್ನು ಕಂಪ್ಯೂಟರಿಗೆ ಟೈಪು ಮಾಡತೊಡಗಿದರು. ‘ಏಷ್ಯನ್ ಕ್ಲಾಸಿಕ್ಸ್ ಇನ್‌ಪುಟ್ ಪ್ರಾಜೆಕ್ಟ್’ ಎಂಬ ಆ ಕಾರ್ಯದ ಫಲ ಮೊದಲು ಫ್ಲಾಪಿಗಳಲ್ಲಿಯೂ ಅನಂತರ ಸಿಡಿಗಳಲ್ಲಿಯೂ ಹಂಚಿಕೆಯಾಯಿತು. ಫ್ಲಾಪಿ ಓದುವ ಯಂತ್ರ ಇಂದು ಹುಡುಕಿದರೂ ಸಿಗುವುದು ಕಷ್ಟ. ಗ್ರಂಥಗಳು ಉಳಿದದ್ದು ಫ್ಲಾಪಿ ಗಟ್ಟಿಯಾಗಿದ್ದುದರಿಂದಲ್ಲ. ಕಾಲಕಾಲಕ್ಕೆ ಯಾರೋ ಅವನ್ನು ಮುಂದಿನ ಮಾಧ್ಯಮಕ್ಕೆ ದಾಟಿಸಿದ್ದರಿಂದ.

ಇನ್ನು ಎಸ್‌ಎಸ್‌ಡಿಯ ವಿಚಾರ. ಹಾರ್ಡ್ ಡಿಸ್ಕಿನಲ್ಲಿ ತಟ್ಟೆಗಳು ನಿಮಿಷಕ್ಕೆ 5,400 ಅಥವಾ 7,200 ಸುತ್ತು ತಿರುಗುತ್ತವೆ. ಸೂಕ್ಷ್ಮವಾದ ತೋಳೊಂದು ಸರಿದಾಡಿ ಬೇಕಾದ ಜಾಗವನ್ನು ಹುಡುಕುತ್ತದೆ. ಹೀಗೆ ಸೆಕೆಂಡಿಗೆ ಸುಮಾರು ನೂರು ಕಡೆಗಳಲ್ಲಿ ಮಾತ್ರ ಓದಲು ಸಾಧ್ಯ. ಕಂಪ್ಯೂಟರು ಆರಂಭವಾಗುವಾಗ ಸಾವಿರಾರು ಸಣ್ಣ ಫೈಲುಗಳು ಬೇಕಾಗುವುದರಿಂದ ಗುಮಾಸ್ತರು ಸ್ವಿಚ್ಚು ಹಾಕಿ ಕಾಫಿಗೆ ಹೋಗಿಬರುತ್ತಾರೆ. ಜಪಾನಿನ ಫುಜಿಯೊ ಮಸುವೊಕಾ 1980ರ ದಶಕದಲ್ಲಿ ತೋಶಿಬಾ ಸಂಸ್ಥೆಯಲ್ಲಿ ರೂಪಿಸಿದ ಫ್ಲ್ಯಾಶ್ ಮೆಮೊರಿಯಲ್ಲಿ ತಿರುಗುವ ಭಾಗಗಳೇ ಇಲ್ಲ, ವಿದ್ಯುದಾವೇಶವೇ ಬರಹ. ಅದರಿಂದಾದ ಎಸ್‌ಎಸ್‌ಡಿ ಸೆಕೆಂಡಿಗೆ ಹತ್ತಾರು ಸಾವಿರ ಕಡೆಗಳಲ್ಲಿ ಓದಬಲ್ಲದು. ಹತ್ತು ವರ್ಷದ ಹಳೆಯ ಯಂತ್ರಕ್ಕೂ ಅದು ಮರುಜೀವ ಕೊಡುತ್ತದೆ. ಕಿಂಡಿಯ ಮುಂದೆ ನಿಂತ ರೈತನ ಸಮಯ ಉಳಿಯುತ್ತದೆ.

ಆದರೆ ಈ ವೇಗಕ್ಕೊಂದು ಬೆಲೆಯಿದೆ. ಹಾರ್ಡ್ ಡಿಸ್ಕ್ ಕೆಡುವ ಮುನ್ನ ಅನೇಕ ವೇಳೆ ಕಟಕಟ ಸದ್ದು ಮಾಡಿ ಎಚ್ಚರಿಸುತ್ತಿತ್ತು. ಎಸ್‌ಎಸ್‌ಡಿ ಮುನ್ಸೂಚನೆಯಿಲ್ಲದೆ ಒಮ್ಮೆಗೇ ಮೌನವಾಗಬಹುದು. ಅದರಲ್ಲಿ ಅಳಿಸಿದ ಫೈಲನ್ನು ಮರಳಿ ಪಡೆಯುವುದು ಬಹುಮಟ್ಟಿಗೆ ಅಸಾಧ್ಯ. ವಿದ್ಯುತ್ತಿಲ್ಲದೆ ವರ್ಷಗಟ್ಟಲೆ ಬೀರುವಿನಲ್ಲಿಟ್ಟರೆ ಬರಹ ಉಳಿಯುವ ಖಾತ್ರಿಯೂ ಇಲ್ಲ.

ಪಹಣಿಯ ದತ್ತಾಂಶ ಈಗ ರಾಜ್ಯದ ದತ್ತಾಂಶ ಕೇಂದ್ರದಲ್ಲಿರುವುದರಿಂದ ಕಚೇರಿಯ ಡಿಸ್ಕ್ ಬದಲಿಸಿದರೆ ಅದಕ್ಕೇನೂ ಆಗದು. ಅಪಾಯವಿರುವುದು ಆ ಒಂದೇ ಯಂತ್ರದಲ್ಲಿರುವ ನಡವಳಿ, ಸಾಲದ ಪಟ್ಟಿ, ಪತ್ರವ್ಯವಹಾರಗಳಿಗೆ. ಹಿಂದಿನ ‘ನುಡಿ’ ಲಿಪಿಯಲ್ಲಿ ಬರೆದಿಟ್ಟ ಪತ್ರಗಳಂತೂ ಆ ಅಕ್ಷರಶೈಲಿ ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳಾಗಿ ಕಾಣುತ್ತವೆ; ಫೈಲು ಬಂದಿದ್ದರೂ ಬರಹ ಬಂದಿರುವುದಿಲ್ಲ.

ಆದಕಾರಣ ಈ ಕೆಲಸದಲ್ಲಿರುವವರಿಗೆ ಹಳೆಯ ಮೇಷ್ಟರ ಸೂಚನೆ ಇಷ್ಟೆ: ಪ್ರತಿ ಮಾಡಿದ ಮೇಲೆ ಕೆಲವು ಫೈಲುಗಳನ್ನು ತೆರೆದು ಓದಿ ನೋಡಿ. ಇನ್ನೊಂದು ಪ್ರತಿಯನ್ನು ಬೇರೊಂದು ಕಟ್ಟಡದಲ್ಲಿಡಿ. ತೆಗೆದ ಹಾರ್ಡ್ ಡಿಸ್ಕಿಗೆ ದಿನಾಂಕ ಬರೆದ ಚೀಟಿ ಅಂಟಿಸಿ ಒಂದು ವರ್ಷವಾದರೂ ಬೀಗದಲ್ಲಿಡಿ; ಗುಜರಿಗೆ ಹಾಗೆಯೇ ಕೊಟ್ಟರೆ ಜನರ ಗುಟ್ಟುಗಳನ್ನೂ ಕೊಟ್ಟಂತೆ. ಬಟ್ಟೆಯ ಕಡತವನ್ನು ಒರೆಸುವ ಮುನ್ನ ಶಾನುಭೋಗನಿಗೆ ಇರಬೇಕಾಗಿದ್ದ ಎಚ್ಚರವೇ ಇಂದು ನಿಮಗೂ ಬೇಕು.