ಕೋರದ ಹಾದಿಯಲ್ಲಿ ಇಂಜಿನ್ ಬದಲಿಸಿದ ಕಾಲ

ತುಮಕೂರಿನಿಂದ ಸಿರಾ ಕಡೆಗೆ ಹೊರಟು, ಕೋರವನ್ನು ಹಾದು, ಭಿತ್ತಿಚಿತ್ರಗಳಿಂದ ಪ್ರಸಿದ್ಧವಾದ ಸೀಬಿಯ ನರಸಿಂಹಸ್ವಾಮಿಯ ಸನ್ನಿಧಿಯನ್ನು ದಾಟಿ, ಚಿತ್ರದುರ್ಗದ ಮಾರ್ಗವಾಗಿ ಪುಣೆಯ ದಿಕ್ಕಿಗೆ ನಡೆಯುವ ಹೆದ್ದಾರಿಯು, ನಾಲ್ಕನೆಯ ರಾಷ್ಟ್ರೀಯ ಹೆದ್ದಾರಿಯೆಂಬ ಹೆಸರಿನಿಂದ ಬಹುಕಾಲ ಪರಿಚಿತವಾಗಿದ್ದು ಈಗ 48ನೆಯದೆನಿಸಿಕೊಂಡಿದೆ. ಈ ಸೀಮೆಯ ಹಾದಿಗಳ ಚರಿತ್ರೆಯನ್ನು ಬರೆಯ ಹೊರಟವರು ಸಾಮಾನ್ಯವಾಗಿ ದಂಡುಗಳನ್ನೂ ವರ್ತಕರನ್ನೂ, ಗುಬ್ಬಿಯ ಅಡಕೆ ವ್ಯಾಪಾರವನ್ನೂ, ಕುಣಿಗಲಿನ ಕುದುರೆ ಫಾರಮ್ಮನ್ನೂ ಸ್ಮರಿಸುವರು. ಅದು ಯುಕ್ತವೇ. ಆದರೆ ಮೋಟಾರು ಬಂದ ಮೇಲಿನ ಕಾಲಕ್ಕೂ ಒಂದು ಚರಿತ್ರೆಯುಂಟು. ಇಂಜಿನ್ ಕೈಕೊಟ್ಟ ಕಾರಿಗೆ ಬೇರೊಂದು ಗಾಡಿಯ ಹಳೆಯ ಇಂಜಿನ್ನನ್ನು ಕೂರಿಸಿ, ಮನೆಮಂದಿಯ ನಿತ್ಯದ ಓಡಾಟಕ್ಕೆ ಅದನ್ನು ಮತ್ತೆ ಸಿದ್ಧಗೊಳಿಸಿದ ಮೇಸ್ತ್ರಿಗಳ ಅಧ್ಯಾಯವು ಅದರಲ್ಲಿ ಅತ್ಯಂತ ಗೌರವಾರ್ಹವಾದುದೆಂದು ನನ್ನ ನಂಬಿಕೆ.

ಈ ವಿದ್ಯೆ ಅಭಾವದಲ್ಲಿ ಹುಟ್ಟಿದ್ದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲಿಗೆ ರೇಷನ್ ಬರಲಾಗಿ, ಮೈಸೂರು ಸಂಸ್ಥಾನದ ಖಾಸಗಿ ಬಸ್ಸುಗಳು ಇದ್ದಲಿನ ಗ್ಯಾಸಿನಿಂದ ಓಡತೊಡಗಿದವು. ಬಸ್ಸಿಗೆ ಕಟ್ಟಿದ ಕಬ್ಬಿಣದ ಪೀಪಾಯಿಯಲ್ಲಿ ಇದ್ದಲು ತುಂಬಿ ಹೊತ್ತಿಸಿ, ಹಿಡಿಕೆ ತಿರುಗಿಸಿ ಗಾಳಿ ಊದಿ, ಅನಿಲ ಹುಟ್ಟಿದ ಮೇಲೆಯೇ ಪ್ರಯಾಣ ಮೊದಲಾಗುತ್ತಿತ್ತು. ಕಂಪನಿಯು ಕೊಟ್ಟ ರೀತಿಯಲ್ಲಿಯೇ ಯಂತ್ರ ಓಡಬೇಕೆಂಬ ನಿಯಮವೇನೂ ಇಲ್ಲವೆಂಬ ಧೈರ್ಯವನ್ನು ನಮ್ಮ ಡ್ರೈವರುಗಳೂ ಕ್ಲೀನರುಗಳೂ ಪ್ರಾಯಶಃ ಆಗಲೇ ಕಲಿತರು. ಯುದ್ಧ ಮುಗಿದ ತರುವಾಯ ಸೈನ್ಯಕ್ಕೆ ಬೇಡವಾದ ಜೀಪುಗಳೂ ಲಾರಿಗಳೂ ಹರಾಜಿಗೆ ಬಂದವು. 1953ರಲ್ಲಿ ಭಾರತ ಸರ್ಕಾರವು, ಬಿಡಿಭಾಗಗಳನ್ನು ತರಿಸಿ ಜೋಡಿಸುವುದಷ್ಟೇ ಸಾಲದು, ಇಲ್ಲಿಯೇ ತಯಾರಿಸತಕ್ಕದ್ದು ಎಂಬ ನೀತಿಯನ್ನು ಹಿಡಿಯಲಾಗಿ, ಷೆವ್ರೊಲೆ, ಫೋರ್ಡ್ ಗಾಡಿಗಳನ್ನು ಇಲ್ಲಿ ಜೋಡಿಸುತ್ತಿದ್ದ ಅಮೆರಿಕದ ಕಂಪನಿಗಳು ಕಾರ್ಖಾನೆಗಳನ್ನು ಮುಚ್ಚಿದವು. ಆ ಗಾಡಿಗಳನ್ನಿಟ್ಟುಕೊಂಡವರಿಗೆ ಪಿಸ್ಟನ್ ದೊರೆಯದು, ಬೇರಿಂಗ್ ದೊರೆಯದು. ಇತ್ತ ಮದ್ರಾಸಿನ ಸಿಂಪ್ಸನ್ ಕಂಪನಿಯು ಪರ್ಕಿನ್ಸ್ ಡೀಸೆಲ್ ಇಂಜಿನ್ನುಗಳನ್ನು ತಯಾರಿಸತೊಡಗಲು, ಪೆಟ್ರೋಲ್ ಕುಡಿದು ಮಾಲೀಕನನ್ನು ಬಡವನಾಗಿಸುತ್ತಿದ್ದ ಹಳೆಯ ಲಾರಿಗಳಿಗೆ ಆ ಇಂಜಿನ್ನನ್ನು ಕೂರಿಸುವುದು ವಾಡಿಕೆಯಾಯಿತು.

ಕಾರುಗಳ ಸರದಿ ಅನಂತರದ್ದು. ಅಂಬಾಸಿಡರ್, ಫಿಯಟ್ ಎಂಬ ಎರಡು ಹೆಸರುಗಳೊಳಗೆ ನಮ್ಮ ಮಧ್ಯಮ ವರ್ಗದ ಮೋಟಾರು ಪ್ರಪಂಚವೆಲ್ಲವೂ ಅಡಕವಾಗಿದ್ದ ಆ ದಶಕಗಳಲ್ಲಿ, ಹೊಸ ಕಾರಿಗೆ ಹೆಸರು ಬರೆಸಿದವರು ವರ್ಷಗಟ್ಟಲೆ ಕಾಯಬೇಕಾಗಿತ್ತು. ಆದಕಾರಣ ಇದ್ದ ಕಾರನ್ನು ಕೈಬಿಡುವ ಆಲೋಚನೆಯೇ ಯಾರಿಗೂ ಬರುತ್ತಿರಲಿಲ್ಲ. ಅಂಬಾಸಿಡರಿಗೆ 1959ರಿಂದ ಇದ್ದ 1489 ಸಿ.ಸಿ. ಪೆಟ್ರೋಲ್ ಇಂಜಿನ್ ಸವೆದಾಗ ಬೋರ್ ಮಾಡಿಸಿ ಇಪ್ಪತ್ತರ ಸೈಜಿನ ಪಿಸ್ಟನ್ ಹಾಕುವರು. ಮತ್ತೆ ಸವೆದರೆ ನಲವತ್ತು, ಆಮೇಲೆ ಅರವತ್ತು. ಅದೂ ಮುಗಿದರೆ ಸ್ಲೀವ್. ಬ್ಲಾಕು ಸೀಳಿದರೆ ಮಾತ್ರ ಬೇರೆ ಇಂಜಿನ್ನಿನ ಮಾತು ಬರುತ್ತಿತ್ತು. 1973ರ ತೈಲ ಬಿಕ್ಕಟ್ಟು ಈ ಲೆಕ್ಕಾಚಾರವನ್ನೇ ತಲೆಕೆಳಗು ಮಾಡಿತು. ಪೆಟ್ರೋಲಿನ ಬೆಲೆಯೇರಿ, ಡೀಸೆಲ್ ಸರ್ಕಾರದ ಕೃಪೆಯಿಂದ ಅಗ್ಗವಾಗಿಯೇ ಉಳಿದುದರಿಂದ, ಚೆನ್ನಾಗಿ ಓಡುತ್ತಿದ್ದ ಪೆಟ್ರೋಲ್ ಇಂಜಿನ್ನನ್ನೂ ಇಳಿಸಿ ಡೀಸೆಲ್ ಇಂಜಿನ್ ಏರಿಸುವ ಹಂಬಲ ಹಬ್ಬಿತು. ಕಾರ್ಖಾನೆಯೇ ಡೀಸೆಲ್ ಅಂಬಾಸಿಡರನ್ನು ಹೊರತಂದದ್ದು 1980ರಲ್ಲಿ. ತರುವಾಯ, ಬಜಾಜ್ ಟೆಂಪೋ ಕಂಪನಿಯ ಮೆಟಡೋರ್ ವ್ಯಾನುಗಳು ಗುಜರಿಗೆ ಬೀಳತೊಡಗಿದಂತೆ ಅವುಗಳ ಇಂಜಿನ್ನುಗಳು ಎಷ್ಟೋ ಅಂಬಾಸಿಡರುಗಳೊಳಗೆ ಪುನರ್ಜನ್ಮ ಪಡೆದವು. ಜೀಪುಗಳಿಗೆ ಟ್ರ್ಯಾಕ್ಟರಿನ ಇಂಜಿನ್ನೂ ಏರಿದ್ದುಂಟು. ಬೆಂಗಳೂರಿನ ಶಿವಾಜಿನಗರದ ಗುಜರಿಯೂ, ಬಿಡಿಭಾಗಗಳ ಅಂಗಡಿಗಳು ಸಾಲುಗಟ್ಟಿದ ಜೆ.ಸಿ. ರಸ್ತೆಯೂ ಈ ವ್ಯವಹಾರಕ್ಕೆ ಒದಗಿದವು. ತೋಟದ ಬಾವಿಯ ಮೇಲೆ ಡೀಸೆಲ್ ಪಂಪ್‌ಸೆಟ್ಟನ್ನು ಸ್ವಂತ ಕೈಯಿಂದ ಬಿಚ್ಚಿ ಜೋಡಿಸಿ ಬಲ್ಲ ತುಮಕೂರು ಸೀಮೆಯ ರೈತನಿಗೆ ನಾಸಲ್ಲು, ಪಂಪು ಎಂಬ ಮಾತುಗಳು ಹೊಸವಾಗಿರಲಿಲ್ಲ.

ಹಳೆಯ ಇಂಜಿನ್ನನ್ನು ಕೊಳ್ಳುವುದೇ ಒಂದು ಪರೀಕ್ಷೆ. ಬಲ್ಲ ಮೇಸ್ತ್ರಿಯು ಇಂಜಿನ್ನನ್ನು ಓಡಿಸಿ ತೋರಿಸದ ಹೊರತು ಮುಂಗಡ ಕೊಡಗೊಡನು. ಓಡುತ್ತಿರುವಾಗಲೇ ಆಯಿಲ್ ಹಾಕುವ ಮುಚ್ಚಳವನ್ನು ತೆರೆದು ಅಂಗೈಯನ್ನು ಅಡ್ಡ ಹಿಡಿಯುವನು. ಹೊಗೆಯು ಭುಸುಗುಡುತ್ತ ಕೈಗೆ ಬಡಿದರೆ, “ಬ್ಯಾಕ್ ಕಂಪ್ರೆಷನ್ ಹೊಡೀತದೆ ಸ್ವಾಮಿ, ಬೇಡ” ಎಂದು ಹಿಂದಿರುಗುವನು. ರೇಡಿಯೇಟರಿನ ನೀರಿನಲ್ಲಿ ಗುಳ್ಳೆಯೇಳುವುದನ್ನು ನೋಡಿ ಹೆಡ್ ಗ್ಯಾಸ್ಕೆಟ್ಟಿನ ಗತಿಯನ್ನು ತಿಳಿಯುವನು.

ಇಂಜಿನ್ ಇಳಿಸುವ ಕ್ರಮ ಸುಲಭದ್ದು. ಬಾನೆಟ್ಟನ್ನು ಕಳಚಿ, ನೀರನ್ನೂ ಆಯಿಲನ್ನೂ ಬಸಿದು, ಗೇರ್‌ಬಾಕ್ಸಿನ ಕೆಳಗೆ ಜಾಕಿ ಕೊಟ್ಟು, ಮುಕ್ಕಾಲಿಗೋ, ಅದಿಲ್ಲದೆಡೆ ಹುಣಿಸೆಮರದ ಬಲವಾದ ಕೊಂಬೆಗೋ ಚೈನ್ ಪುಲ್ಲಿಯನ್ನು ಕಟ್ಟಿ ಎಳೆದರೆ ಅದು ಮೇಲಕ್ಕೇಳುವುದು. ಗಾಡಿಯನ್ನು ಹಿಂದಕ್ಕೆ ತಳ್ಳಿದರಾಯಿತು. ಕಷ್ಟವೆಲ್ಲವೂ ಕೂರಿಸುವುದರಲ್ಲಿದೆ. ಬೇರೆ ಕಂಪನಿಯ ಇಂಜಿನ್ನಿನ ಬೋಲ್ಟುಗಳು ಅಂಬಾಸಿಡರಿನ ಗೇರ್‌ಬಾಕ್ಸಿನ ತೂತುಗಳಿಗೆ ಹೊಂದವು. ಆದುದರಿಂದ ಇವೆರಡರ ನಡುವೆ ದಪ್ಪ ಕಬ್ಬಿಣದ ಪ್ಲೇಟೊಂದನ್ನು ಲೇತಿನಲ್ಲಿ ಕಡೆಸಿ, ಒಂದು ಮುಖಕ್ಕೆ ಇಂಜಿನ್ನಿನ ತೂತುಗಳನ್ನೂ ಮತ್ತೊಂದಕ್ಕೆ ಗೇರ್‌ಬಾಕ್ಸಿನ ತೂತುಗಳನ್ನೂ ಕೊರೆಯತಕ್ಕದ್ದು. ಆ ಪ್ಲೇಟಿನ ಸೆಂಟರೇ ಈ ಕಸುಬಿನ ಪ್ರಾಣ. ಕ್ರ್ಯಾಂಕಿನ ನಡುವೂ ಗೇರ್‌ಬಾಕ್ಸ್ ಶಾಫ್ಟಿನ ನಡುವೂ ಒಂದೇ ರೇಖೆಯಲ್ಲಿ ನಿಲ್ಲದೆ ಕೂದಲೆಳೆಯಷ್ಟು ಸರಿದರೂ, ಮೊದಲ ದಿನ ಏನೂ ತೋರದೆ, ಕೆಲವು ತಿಂಗಳಲ್ಲಿ ಬೇರಿಂಗ್ ಊಳಿಡತೊಡಗಿ ಕ್ಲಚ್ ಪ್ಲೇಟು ನಡುವಿನಲ್ಲಿ ಹರಿದುಹೋಗುವುದು. ಇಂಜಿನ್ ಕೂರುವ ಫೌಂಡೇಶನ್ನನ್ನು ಹೊಸದಾಗಿ ವೆಲ್ಡ್ ಮಾಡಬೇಕು. ಭಾರಕ್ಕೆ ಮುಂಭಾಗ ಕುಸಿಯದಂತೆ ಟಾರ್ಷನ್ ಬಾರನ್ನು ಬಿಗಿದು ಎತ್ತರಿಸಬೇಕು. ಹೆಚ್ಚು ಶಕ್ತಿಯ ಬ್ಯಾಟರಿ ಬೇಕು. ಮಿಕ್ಕ ಡೀಸೆಲ್ ಟ್ಯಾಂಕಿಗೆ ಹಿಂದಿರುಗಲು ಮತ್ತೊಂದು ಪೈಪನ್ನು ಎಳೆಯಬೇಕು. ಅಂದಿನ ಡೀಸೆಲ್ ಇಂಜಿನ್ ಬೀಗದ ಕೈ ತಿರುಗಿಸಿದರೆ ನಿಲ್ಲುವಂಥದಲ್ಲವಾದ್ದರಿಂದ ಡ್ಯಾಶ್‌ಬೋರ್ಡಿನ ಕೆಳಗೆ ಎಳೆಯುವ ಸ್ಟಾಪರ್ ಒಂದನ್ನು ಇಡುವರು. ಬೀಗದ ಕೈಯನ್ನು ಜೇಬಿಗಿಳಿಸಿ, ಆಮೇಲೆ ಬಗ್ಗಿ ಸ್ಟಾಪರ್ ಎಳೆಯುವ ಅಂಬಾಸಿಡರ್ ಮಾಲೀಕನನ್ನು ನಮ್ಮ ತಲೆಮಾರಿನವರೆಲ್ಲರೂ ನೋಡಿದ್ದಾರೆ.

ಈ ಕಸುಬನ್ನು ನಾನು ಹೃತ್ಪೂರ್ವಕವಾಗಿ ಗೌರವಿಸುವೆನಾದರೂ ಇದರ ಒಂದು ಲೋಪವನ್ನು ಹೇಳದಿರುವುದು ನ್ಯಾಯವಲ್ಲ. ಇಂಜಿನ್ನಿನ ಭಾರ ಹೆಚ್ಚಿದರೂ ಬ್ರೇಕುಗಳು ಹಳೆಯವೇ ಉಳಿದವು. ಮೈಲೇಜನ್ನು ವಿಚಾರಿಸಿದವರು ಬ್ರೇಕನ್ನು ವಿಚಾರಿಸಲಿಲ್ಲ. ಲಾರಿಗಳೇ ತುಂಬಿದ ಹೆದ್ದಾರಿಯಲ್ಲಿ ಇದು ಅಲ್ಪವಾದ ದೋಷವಲ್ಲ. ಕಾನೂನು ಬಿಗಿಯಾದುದಕ್ಕೆ ಇಂಥ ಕಾರಣಗಳೂ ಇದ್ದವೆಂದು ಒಪ್ಪಬೇಕು. 1988ರ ಮೋಟಾರು ವಾಹನಗಳ ಕಾಯಿದೆಯ 52ನೆಯ ಕಲಮು 2000ದಲ್ಲಿ ತಿದ್ದುಪಡಿಯಾಗಿ, ತಯಾರಕರು ಮೂಲದಲ್ಲಿ ನಮೂದಿಸಿದ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸಕೂಡದೆಂದು ವಿಧಿಸಿತು. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು. ಇದಕ್ಕೂ ಮುಂಚೆಯೇ ಕಾಲ ಬದಲಾಗಿತ್ತು. 2014ರ ಮೇ ತಿಂಗಳಲ್ಲಿ ಅಂಬಾಸಿಡರಿನ ತಯಾರಿಕೆ ನಿಂತಿತು; ಅದೇ ವರ್ಷದ ಅಕ್ಟೋಬರಿನಲ್ಲಿ ಡೀಸೆಲ್ ಬೆಲೆಯ ಮೇಲಿನ ಸರ್ಕಾರಿ ನಿಯಂತ್ರಣವೂ ತೆಗೆಯಲ್ಪಟ್ಟಿತು. ಹೊಸ ಇಂಜಿನ್ನುಗಳಾದರೋ ಗಣಕದ ಆಜ್ಞೆಯಿಲ್ಲದೆ ಹೊತ್ತಿಕೊಳ್ಳವು. ಬ್ಲಾಕು ಕೂತರೂ ವೈರಿಂಗ್ ಒಪ್ಪದು.

ಆದಾಗ್ಯೂ ಕಸುಬು ಅಳಿದಿಲ್ಲ, ಅದರ ಕ್ಷೇತ್ರ ಕಿರಿದಾಗಿದೆ. ಅಪಘಾತದಲ್ಲಿ ಜಜ್ಜಿಹೋದ ಕಾರಿನಿಂದ ಅದೇ ಮಾದರಿಯ ಇಂಜಿನ್ನನ್ನು ತಂದು ಕೂರಿಸಿದವನು, ಬಿಲ್ಲು ಮೊದಲಾದ ದಾಖಲೆಗಳೊಡನೆ ಆರ್.ಟಿ.ಓ. ಕಚೇರಿಗೆ ಹೋಗಿ ಹೊಸ ಇಂಜಿನ್ ನಂಬರನ್ನು ಆರ್.ಸಿ.ಯಲ್ಲಿ ಸೇರಿಸಿಕೊಳ್ಳಬೇಕು. ಬೇರೆ ಇಂಧನಕ್ಕೋ ಬ್ಯಾಟರಿಗೋ ಬದಲಾಯಿಸುವ ಕಿಟ್ಟುಗಳಿಗೆ, ಅವು ಅನುಮೋದಿತವಾಗಿದ್ದಲ್ಲಿ, ಅದೇ 52ನೆಯ ಕಲಮು ಅವಕಾಶ ಕೊಟ್ಟಿದೆ. ಪೆಟ್ರೋಲ್ ಇಂಜಿನ್ ತೆಗೆದ ಜಾಗದಲ್ಲಿ ವಿದ್ಯುತ್ ಮೋಟಾರನ್ನು ಹಳೆಯ ಗೇರ್‌ಬಾಕ್ಸಿಗೆ ಸೇರಿಸುವಾಗಲೂ ನಡುವೆ ಒಂದು ಪ್ಲೇಟು ಬೇಕಾಗುತ್ತದೆ. ಅದಕ್ಕೂ ಸೆಂಟರ್ ಹಿಡಿಯಬೇಕು. ಅದನ್ನು ಹಿಡಿಯಬಲ್ಲ ಕೈಗಳು ತುಮಕೂರಿನ ಲೇತ್ ಅಂಗಡಿಗಳಲ್ಲಿ ಇನ್ನೂ ಇವೆ.